ಬಾಳೆಕಂದು, ಬೈಂಡಿಂಗ್ ವೈರು ಮತ್ತು ನನ್ನ ಕಾರಿನ ಬಾನೆಟ್

ಆಯುಧಪೂಜೆಯ ಮಾರನೇ ದಿನ ಕಾರಿಗೆ ಕಟ್ಟಿದ್ದ ಬಾಳೆಕಂದು ಬಿಚ್ಚುವಾಗ ವಿಷಯ ಗೊತ್ತಾಯಿತು. ಮಗರಾಯ ಕಂದು ಕಟ್ಟಲು ಬಳಸಿದ್ದು ದಾರ ಅಲ್ಲ, ಬೈಂಡಿಂಗ್ ವೈರು. ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಗಣಪತಿ ಗುಡಿ ತನಕ ಒಂದು ರೌಂಡ್ ಹೋಗಿ ಬಂದಿದ್ದೆವು. ಅಷ್ಟರಲ್ಲೇ ವೈರಿನ ತುದಿ ಬಾನೆಟ್ಟಿನ ಮುಂಭಾಗವನ್ನು ಚೆನ್ನಾಗಿ ಕೆರೆದಿತ್ತು. ದೃಷ್ಟಿ ತಾಗದಿರಲಿ ಅಂತ ಬೂದುಗುಂಬಳ ಒಡೆದ ದಿನವೇ!

ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ನೀಲಿ ಮೆಟಾಲಿಕ್ ಬಣ್ಣದ ಮೇಲೆ ಕೂದಲೆಳೆಯಂಥ ಏಳೆಂಟು ಗೀರು. ಒಂದು ಮಾತ್ರ ಆಳವಾಗಿತ್ತು. ಅರ್ಧ ಬೆರಳುದ್ದ, ಒಳಗಿಂದ ಬೂದು ಬಣ್ಣ ಇಣುಕುತ್ತಿತ್ತು. ಹಿಂದಿನ ಡೋರಿನಲ್ಲಿ ಬಿಳಿ ಪಟ್ಟೆಯೊಂದು ಮೊದಲೇ ಇತ್ತು, ಅದು ನಮ್ಮದೇ ಗೇಟಿನ ಕಂಬದ ಕೃಪೆ. ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ನೀವು ಓಡಿಸಿದ್ರಾ ಮೇಡಂ?" ಮನೆಯಲ್ಲಿ ಮೂರು ಜನ ಓಡಿಸುವ ಕಾರು ಇದು. ಗೀರು ಬಿದ್ದಾಗ ಮಾತ್ರ ಹೆಂಗಸಿನ ಲೆಕ್ಕಕ್ಕೆ. ಇರಲಿ ಬಿಡಿ.

ಸರ್ವೀಸ್ ಸೆಂಟರಿಗೆ ತೋರಿಸಿದೆ. ಅಡ್ವೈಸರ್ ಹುಡುಗ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಾಲ್ಕು ಫೋಟೋ ತೆಗೆದು, ಬಾನೆಟ್ ಫುಲ್ ಪೇಂಟ್, ಡೋರ್ ಫುಲ್ ಪೇಂಟ್ ಅಂತ ಬರೆದುಕೊಂಡ. ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ. "ಮೇಡಂ, ಇನ್ಶೂರೆನ್ಸ್‌ನಲ್ಲಿ ಹಾಕಿಬಿಡೋಣ. ನಿಮ್ಮದು ಝೀರೋ ಡೆಪ್ ಅಲ್ವಾ? ಸಾವಿರ ರೂಪಾಯಿ ಬೀಳುತ್ತೆ ಅಷ್ಟೇ."

ಝೀರೋ ಡೆಪ್ ಅಂದರೆ ಬಿಡಿಭಾಗ ಹಳೆಯದಾಯಿತು ಅಂತ ಕ್ಲೇಮಿನ ಹಣದಲ್ಲಿ ಕಡಿತ ಮಾಡದ ಪಾಲಿಸಿ. ಆದರೂ ಈ 'ಅಷ್ಟೇ' ಅನ್ನುವ ಮಾತು ಕೇಳಿದರೆ ನನಗೆ ಹುಷಾರಾಗುವ ಅಭ್ಯಾಸ. ಮನೆಗೆ ಬಂದು ಪಾಲಿಸಿ ತೆಗೆದೆ. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೂ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಏರುತ್ತಾ ಹೋಗುತ್ತದೆ. ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಕೊನೆಗೆ 50. ನನ್ನದು 45ರಲ್ಲಿತ್ತು. ಒಂದು ಕ್ಲೇಮ್ ಹಾಕಿದರೆ ಮುಂದಿನ ರಿನೀವಲ್‌ಗೆ ನೇರವಾಗಿ ಸೊನ್ನೆ. ಮತ್ತೆ 50 ಮುಟ್ಟಲು ಐದು ವರ್ಷ ಬೇಕು. ಈ ರಿಯಾಯಿತಿ ಪೂರ್ತಿ ಪ್ರೀಮಿಯಂಗಲ್ಲ, ನಮ್ಮ ಗಾಡಿಯ ಹಾನಿಗೆ ಕಟ್ಟುವ ಭಾಗಕ್ಕೆ ಮಾತ್ರ, ನಿಜ. ಆದರೂ ಎಲ್ಲ ವರ್ಷದ್ದು ಕೂಡಿಸಿ ನೋಡಿದಾಗ ಆ ಸಾವಿರ ರೂಪಾಯಿಯ ಪೇಂಟು ಬಲು ದುಬಾರಿ ಅನ್ನಿಸಿತು. ಇನ್ನೊಂದು ಮಾತು. ಡೋರಿನ ಗೀರು ಒಂದು ದಿನದ್ದು, ಬಾನೆಟ್ಟಿನದು ಇನ್ನೊಂದು ದಿನದ್ದು. ಎರಡನ್ನೂ ಒಂದೇ ಕ್ಲೇಮಿನಲ್ಲಿ ತೂರಿಸಬೇಕು ಅಂದರೆ ಫಾರಂನಲ್ಲಿ ಸುಳ್ಳು ಬರೆಯಬೇಕು. ಒಂದು ಗೀರಿಗೋಸ್ಕರ ಅಷ್ಟೆಲ್ಲ ಯಾಕೆ?

ನಾನು ಕ್ಲೇಮೂ ಮಾಡಲಿಲ್ಲ, ಪೇಂಟೂ ಹೊಡೆಸಲಿಲ್ಲ. ದುಡ್ಡು ಉಳಿಸುವುದಷ್ಟೇ ಕಾರಣ ಅಲ್ಲ. ಕಂಪನಿಯಿಂದ ಬಂದ ಪೇಂಟನ್ನು ಒಮ್ಮೆ ಕೆರೆದು ತೆಗೆದರೆ ಅದು ಮತ್ತೆ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಪೇಂಟ್ ಆಗುವಾಗ ಕಾರು ಬರೀ ತಗಡಿನ ಬಾಡಿ. ಸೀಟಿಲ್ಲ, ವೈರಿಂಗ್ ಇಲ್ಲ, ಪ್ಲಾಸ್ಟಿಕ್ ಇಲ್ಲ. ಹಾಗಾಗಿ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಮನೆಗೆ ಬಂದ ಕಾರನ್ನು ಹಾಗೆ ಬೇಯಿಸಲು ಆಗುತ್ತಾ? ಧೂಳು ಬರದಂತೆ ಮುಚ್ಚಿದ ಒಳ್ಳೆಯ ಪೇಂಟ್ ಬೂತ್ ಇರುವ ಕಡೆಯೂ 60 ಡಿಗ್ರಿ ಆಸುಪಾಸಿನಲ್ಲೇ ಒಣಗಿಸುತ್ತಾರೆ. ಬೂತೇ ಇಲ್ಲದ ರಸ್ತೆ ಬದಿಯ ಗ್ಯಾರೇಜಿನಲ್ಲಿ ಬಿಸಿಲು ಮತ್ತು ದೇವರೇ ಗತಿ. ನಾಳೆ ಕಾರು ಮಾರುವಾಗ ಪೇಂಟಿನ ದಪ್ಪ ಅಳೆಯುವ ಮೀಟರ್ ಹಿಡಿದು ಬರುತ್ತಾರೆ. ಒಂದು ಪ್ಯಾನೆಲ್ ದಪ್ಪ ತೋರಿಸಿದರೆ "ಆಕ್ಸಿಡೆಂಟ್ ಆಗಿತ್ತಾ?" ಅಂತ ಶುರು. ಬಾಳೆಕಂದಿನ ಕಥೆ ಹೇಳಿದರೆ ಯಾರು ನಂಬುತ್ತಾರೆ?

ಪೇಂಟಿನ ದಪ್ಪ ಅಂದರೂ ಅದು ಎಷ್ಟು ಮಹಾ! ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಹೆಚ್ಚುಕಮ್ಮಿ 100ರಿಂದ 140 ಮೈಕ್ರಾನ್. ಎರಡು ತಲೆಗೂದಲು ಪಕ್ಕಪಕ್ಕ ಇಟ್ಟಷ್ಟು. ಅದರಲ್ಲಿ ಕ್ಲಿಯರ್ ಕೋಟ್ 40–50 ಮೈಕ್ರಾನ್ ಇರಬಹುದು. ನಾವು ಗೋಳಾಡುವ ಗೀರುಗಳಲ್ಲಿ ಮುಕ್ಕಾಲು ಪಾಲು ಇರುವುದು ಈ ಮೇಲಿನ ಪದರದಲ್ಲೇ. ಬಣ್ಣಕ್ಕೆ ಏನೂ ಆಗಿರುವುದಿಲ್ಲ. ನಮ್ಮ ದೊಡ್ಡಪ್ಪನ ಅಂಬಾಸಿಡರ್‌ಗೆ ಈ ಪದರ ಇರಲಿಲ್ಲ. ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಗೆಲ್ಲ ಕೆನೆಬಣ್ಣ ಹತ್ತುತ್ತಿತ್ತು. ಬಣ್ಣ ಬಿಡ್ತಾ ಇದೆ ಅಂತ ನಾವು ಮಕ್ಕಳು ಗಾಬರಿಯಾಗುತ್ತಿದ್ದೆವು.

ಗೀರು ಯಾವ ಪದರದಲ್ಲಿದೆ ಅಂತ ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಮೇಲೆ ಸ್ವಲ್ಪ ನೀರು ಹಾಕಿ. ಒದ್ದೆ ಇರುವ ತನಕ ಗೀರು ಮಾಯವಾದರೆ ಅದು ಮೇಲ್ಪದರದ್ದು. ಆಮೇಲೆ ಒಣಗಿಸಿ, ಉಗುರನ್ನು ಅಡ್ಡಡ್ಡ ಎಳೆದು ನೋಡಿ. ಉಗುರು ತಡೆಯದಿದ್ದರೆ ಪಾಲಿಶಿಗೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ, ಸುಮ್ನೆ ಇರೋ ಪೇಂಟೂ ಸವೆಯುತ್ತದೆ. ನನ್ನ ಏಳೆಂಟು ಗೀರುಗಳಲ್ಲಿ ಉಗುರಿಗೆ ಸಿಕ್ಕಿದ್ದು ಆ ಒಂದೇ. ಡೋರಿನ ಬಿಳಿ ಪಟ್ಟೆಯಂತೂ ಗೀರೇ ಅಲ್ಲ. ಕಂಬದ ಸುಣ್ಣಬಣ್ಣ ಬಂದು ನನ್ನ ಕಾರಿಗೆ ಮೆತ್ತಿಕೊಂಡಿತ್ತು! ಇದಕ್ಕೆ ಆ ಹುಡುಗ ಡೋರ್ ಫುಲ್ ಪೇಂಟ್ ಬರೆದಿದ್ದ.

ಭಾನುವಾರ ಬೆಳಗ್ಗೆ, ಬಿಸಿಲು ಏರುವ ಮುಂಚೆ, ಕಾರು ತೊಳೆದು ಒರೆಸಿ ರಬ್ಬಿಂಗ್ ಕಾಂಪೌಂಡ್, ಅಂದರೆ ನುಣ್ಣನೆಯ ಉಜ್ಜುವ ಪುಡಿ ಇರುವ ಪೇಸ್ಟ್, ತೆಗೆದುಕೊಂಡೆ. ಮೈಕ್ರೋಫೈಬರ್ ಬಟ್ಟೆಗೆ ಕಡಲೆಕಾಳಿನಷ್ಟು. ಅಂಗೈಯಗಲ ಜಾಗ ಮಾತ್ರ, ಹಗುರವಾಗಿ, ಗೀರಿನ ಆಚೀಚೆ. ಅರ್ಧ ನಿಮಿಷ ಉಜ್ಜುವುದು, ಒರೆಸುವುದು, ಓರೆಯಾಗಿ ಬಗ್ಗಿ ಬೆಳಕಿಗೆ ನೋಡುವುದು. ಬಿಳಿ ಪಟ್ಟೆ ಎರಡನೇ ಸಲಕ್ಕೆ ಹೋಯಿತು. ಬಾನೆಟ್ಟಿನ ಸಣ್ಣ ಗೀರುಗಳಲ್ಲಿ ಐದು ಮಾಯ, ಎರಡು ಹುಡುಕಿದರೆ ಕಾಣುತ್ತವೆ. ಅಲ್ಲಿಗೆ ನಿಲ್ಲಿಸಿದೆ. ಈ ನಿಲ್ಲಿಸುವುದನ್ನು ನಾನು ಕಲಿತದ್ದು ಹಿಂದಿನ ಕಾರಿನಲ್ಲಿ. ವಿಡಿಯೋ ನೋಡಿ 2000 ನಂಬರಿನ ವಾಟರ್ ಪೇಪರ್, ಅಂದರೆ ತೀರಾ ನುಣುಪಾದ ಮರಳು ಕಾಗದ ತಂದು, ನೀರು ಬಿಟ್ಟುಕೊಂಡು ಡೋರಿನ ಅಂಚು ಉಜ್ಜಿದ್ದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಉಜ್ಜುತ್ತಾ ಹೋದೆ. ಪ್ಯಾನೆಲ್ಲಿನ ಅಂಚಿನಲ್ಲಿ ಪೇಂಟ್ ಬೇಗ ಸವೆಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಗೀರು ಹೋಯಿತು, ಜೊತೆಗೆ ಕ್ಲಿಯರ್ ಕೋಟೂ ಹೋಯಿತು. ಎರಡು ರೂಪಾಯಿ ನಾಣ್ಯದಗಲ ಮಂಕು ಕಲೆ, ಕಾರು ಮಾರುವ ತನಕ ನನ್ನನ್ನೇ ನೋಡುತ್ತಿತ್ತು.

ನಮ್ಮ ಮಾವನವರದು ಇನ್ನೂ ದೊಡ್ಡ ಸಾಹಸ. ಒಣಗಿದ ಕಾಗೆ ಹಿಕ್ಕೆ ತೆಗೆಯಲು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಹಿಡಿದಿದ್ದರು. ಹಿಕ್ಕೆ ಹೋಗಿದ್ದೇನೋ ನಿಜ. ನಾವು ಏನೂ ಹೇಳಲಿಲ್ಲ. ಹೇಳುವುದು ಹೇಗೆ?

ಟೂತ್‌ಪೇಸ್ಟ್ ಹಚ್ಚಿ ಅನ್ನುವವರಿದ್ದಾರೆ. ಅದರಲ್ಲೂ ಉಜ್ಜುವ ಪುಡಿ ಇರುವುದರಿಂದ ತೀರಾ ಸಣ್ಣ ಗೀರಿಗೆ ಸ್ವಲ್ಪ ಕೆಲಸ ಮಾಡುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬರೀ ಮರೆಮಾಚುತ್ತದೆ, ಒಂದು ಮಳೆ ಬಂದರೆ ಗೀರು ಮತ್ತೆ ಹಾಜರ್. ದಿನಾ ಬೆಳಗ್ಗೆ ಧೂಳಿನ ಮೇಲೆ ಒಣ ಬಟ್ಟೆ ಎಳೆಯುತ್ತೀವಲ್ಲ, ನಿಜವಾದ ಶತ್ರು ಅದು. ಕಪ್ಪು ಕಾರಿದ್ದವರು ಬಿಸಿಲಲ್ಲಿ ನಿಲ್ಲಿಸಿ ನೋಡಿ, ಜೇಡರ ಬಲೆಯಂಥ ಸಣ್ಣ ಗೀರುಗಳು ಕಾಣುತ್ತವೆ.

ಇನ್ನು ಆ ಆಳದ ಗೀರು. ನಮ್ಮ ರಸ್ತೆ ಕೊನೆಯ ಪೇಂಟರ್ ಹತ್ತಿರ ಹೋಗಿ, ಅಷ್ಟು ಜಾಗಕ್ಕೆ ಮಾತ್ರ ಹೊಡೀರಿ ಅಂತ ಕೇಳಿದೆ. ಅವರೂ ಫುಲ್ ಬಾನೆಟ್ಟೇ ಅಂದರು. "ಮೆಟಾಲಿಕ್ ಅಲ್ವಾ ಮೇಡಂ, ಒಂದು ಕಡೆ ಹೊಡೆದ್ರೆ ತೇಪೆ ಥರ ಕಾಣುತ್ತೆ. ನೀವೇ ನಾಳೆ ಬಂದು ನನ್ನ ಬೈತೀರಾ." ಈ ಮಾತಿನಲ್ಲಿ ಮೋಸ ಇಲ್ಲ. ಬಣ್ಣದೊಳಗಿನ ಲೋಹದ ಚೂರುಗಳು ಸ್ಪ್ರೇ ಮಾಡಿದ ರೀತಿಗೆ ತಕ್ಕಂತೆ ಕೂರುತ್ತವೆ. ಬೆಳಕು ಬಿದ್ದಾಗ ಹೊಸದು ಬೇರೆ, ಹಳೆಯದು ಬೇರೆ ಕಾಣುತ್ತದೆ. ಅಂದರೆ ಚಂದ ಬೇಕಾದರೆ ಪೂರ್ತಿ ಬಾನೆಟ್, ಇಲ್ಲದಿದ್ದರೆ ಒಂದು ಚುಕ್ಕೆಯ ಜೊತೆ ಬಾಳುವುದು. ನಾನು ಚುಕ್ಕೆ ಆರಿಸಿಕೊಂಡೆ.

ಕಾರಿನಲ್ಲೇ ಅಂಟಿಸಿರುವ ಪ್ಲೇಟಿನಲ್ಲಿ ಬಣ್ಣದ ಕೋಡ್ ಇರುತ್ತದೆ. ಬಾನೆಟ್ ಒಳಗೋ ಡೋರ್ ತೆರೆದಾಗ ಕಾಣುವ ಕಂಬದಲ್ಲೋ ಹುಡುಕಿ. ಆ ಕೋಡಿನ ಟಚ್‌ಅಪ್ ಬಾಟಲಿ ತರಿಸಿದೆ. ಅದರ ಮುಚ್ಚಳದ ಬ್ರಷ್ ಬಲು ದಪ್ಪ. ಟೂತ್‌ಪಿಕ್ ತುದಿಯಿಂದ ಗೀರಿನ ಒಳಗಷ್ಟೇ ಬಣ್ಣ ತುಂಬಿಸಿದೆ. ರಂಗೋಲಿಯ ಚುಕ್ಕಿ ಇಟ್ಟ ಹಾಗೆ, ತೆಳ್ಳಗೆ ಮೂರು ಸಲ, ನಡುವೆ ಒಣಗಲು ಬಿಟ್ಟು. ಕೊನೆಗೆ ಕ್ಲಿಯರ್. ಇದೇ ಗೀರು ಬಂಪರ್ ಮೇಲೆ ಇದ್ದಿದ್ದರೆ ಇಷ್ಟನ್ನೂ ಮಾಡುತ್ತಿರಲಿಲ್ಲ. ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ. ತಗಡು ಕಾಣುವಷ್ಟು ಆಳ ಇದ್ದರೆ ಮಾತ್ರ ತಡ ಮಾಡಬೇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಂತೂ ಅದೇ ವಾರ ಮುಚ್ಚಿಬಿಡಿ, ಉಪ್ಪು ಗಾಳಿ ಕಾಯುವುದಿಲ್ಲ.

ಬಟ್ಟೆ, ಕಾಂಪೌಂಡ್, ಬಾಟಲಿ ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಬಗ್ಗಿ ನೋಡಿದರೆ ಚುಕ್ಕೆ ಕಾಣುತ್ತದೆ, ನಿಂತು ನೋಡಿದರೆ ಇಲ್ಲ. ಅತ್ತೆ ಬಂದು ಬಗ್ಗಿಯೇ ನೋಡಿದರು. ಆಮೇಲೆ ಮೊಮ್ಮಗನನ್ನು ಕರೆದು, "ಬಾಳೆ ಕಟ್ಟೋಕೆ ಬಾಳೆನಾರು ಇರಲಿಲ್ವೇನೋ?" ಅಂದರು.