ಮೂರು ಗಂಟೆಯ ಜಾಗ

ರೋಲೆಕ್ಸ್ ಕಂಪನಿಯ ಡೈವಿಂಗ್ ವಾಚು ಸಬ್‌ಮರೀನರ್ ತಗೊಳ್ಳಬೇಕು ಅಂತ ದುಡ್ಡು ಕೂಡಿಟ್ಟವರು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. ಡಯಲ್ ಮೇಲೆ ಡೇಟ್, ಅಂದರೆ ತಾರೀಖು, ಇರುವುದಾ, ಇಲ್ಲದ್ದಾ? ಮೊನ್ನೆ ದುಬೈನಿಂದ ನಮ್ಮ ಭಾವನೂ ಇದನ್ನೇ ಕೇಳಿದರು. ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇದೇ ಗೊಂದಲದಲ್ಲಿ ಇನ್ನೂ ಕೆಲವರು ಇರುತ್ತಾರೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಡೇಟ್ ಇಲ್ಲದ್ದೇ ತಗೊಳ್ಳಿ.

ಈಗಿನ ಎರಡೂ ಮಾಡೆಲ್ 2020ರ ಸೆಪ್ಟೆಂಬರ್‌ನಲ್ಲಿ ಬಂದವು. ಡೇಟ್ ಇಲ್ಲದ್ದರ ಮಾಡೆಲ್ ನಂಬರ್ 124060, ಡೇಟ್ ಇರುವ, ಕಪ್ಪು ಬೆಜೆಲ್ (ಡಯಲ್ ಸುತ್ತ ತಿರುಗುವ ಬಳೆ) ಇರುವುದರದು 126610 ಎಲ್‌ಎನ್. ಎರಡೂ 41 ಮಿ.ಮೀ. ಎರಡೂ 300 ಮೀಟರ್ ಆಳದವರೆಗೆ ನೀರು ತಡೆಯುತ್ತವೆ. ಅದೇ ಸ್ಟೀಲು, ಅದೇ ಸೆರಾಮಿಕ್ ಬೆಜೆಲ್, ಅದೇ ಚೈನು. ಒಳಗಿನ ಯಂತ್ರವೂ ಒಂದೇ ಮನೆಯದು: ಡೇಟ್ ಇಲ್ಲದ್ದರಲ್ಲಿ 3230, ಇರುವುದರಲ್ಲಿ 3235. ಕೈಯಿಂದ ಬಿಚ್ಚಿಟ್ಟರೂ ಸುಮಾರು 70 ಗಂಟೆ ಓಡುತ್ತವೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಒಂದರ ಬೆಲೆ 8,100 ಡಾಲರ್, ಇನ್ನೊಂದರದು 9,150. ಅಂದರೆ ತಾರೀಖು ಕಾಣುವ ಆ ಪುಟ್ಟ ಕಿಟಕಿಗೆ, ಅದರ ಮೇಲಿನ ಭೂತಗನ್ನಡಿಗೆ ಸಾವಿರಕ್ಕೂ ಜಾಸ್ತಿ ಡಾಲರ್.

ಜಾಸ್ತಿ ಬೆಲೆ ಅಂದ ಮೇಲೆ ಜಾಸ್ತಿ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ವಾಚಿನ ವಿಷಯದಲ್ಲಿ ನನಗೆ ಹಾಗೆ ಅನಿಸುವುದಿಲ್ಲ.

ರಾತ್ರಿ ದೀಪ ಆರಿಸಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಡಯಲ್ ಮೇಲಿನ ಗುರುತುಗಳು ನೀಲಿಯಾಗಿ ಹೊಳೆಯುತ್ತವೆ. ಹನ್ನೆರಡರ ಹತ್ತಿರ ತ್ರಿಕೋನ, ಆರು ಮತ್ತು ಒಂಬತ್ತರ ಹತ್ತಿರ ಉದ್ದನೆಯ ಪಟ್ಟಿ, ಉಳಿದ ಕಡೆ ದುಂಡು ಚುಕ್ಕಿ. ಡೇಟ್ ಇಲ್ಲದ್ದರಲ್ಲಿ ಮೂರರ ಹತ್ತಿರವೂ ಒಂದು ಪಟ್ಟಿ ಹೊಳೆಯುತ್ತದೆ. ನಾಲ್ಕು ದಿಕ್ಕೂ ಸರಿಯಾಗಿ ಕೂರುತ್ತದೆ. ಡೇಟ್ ಇರುವುದರಲ್ಲಿ ಎರಡಾದ ಮೇಲೆ ಸೀದಾ ನಾಲ್ಕು. ಮಧ್ಯೆ ಕತ್ತಲೆ. ಮೂರರ ಜಾಗವನ್ನು ಕಿಟಕಿ ತಿಂದುಹಾಕಿದೆ, ಆ ಕಿಟಕಿ ಕತ್ತಲಲ್ಲಿ ಹೊಳೆಯುವುದಿಲ್ಲ. ಹಾಗಂತ ಟೈಮ್ ನೋಡಲು ಆಗುವುದೇ ಇಲ್ಲ ಅಂತ ಅಲ್ಲ, ಅಭ್ಯಾಸವಾಗುತ್ತದೆ. ಆದರೆ ಕತ್ತಲ ನೀರಿನಲ್ಲಿ ಒಂದೇ ನೋಟಕ್ಕೆ ಕಾಣಲಿ ಅಂತ ಮಾಡಿದ ವಾಚು ಇದು. ಅದರಲ್ಲಿ ಒಂದು ಗುರುತು ಕಿತ್ತು ಅಲ್ಲಿ ತಾರೀಖು ಇಟ್ಟರೆ ಅದರ ಮೂಲ ಕೆಲಸಕ್ಕೇ ಕೈ ಹಾಕಿದ ಹಾಗೆ ಅಲ್ವಾ?

ಬೆಜೆಲ್ ಯಾಕಿದೆ ಅಂತ ಯೋಚಿಸಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನೀರಿಗೆ ಇಳಿಯುವ ಮುಂಚೆ ಬೆಜೆಲ್‌ನ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಹೊಂದಿಸುತ್ತಾರೆ. ಆಮೇಲೆ ಮುಳ್ಳು ಬೆಜೆಲ್ ಮೇಲೆ ತೋರಿಸುವಷ್ಟು ನಿಮಿಷ ನೀರೊಳಗೆ ಕಳೆದಿದೆ ಅಂತ ಲೆಕ್ಕ. ಬೆಜೆಲ್ ಒಂದೇ ಕಡೆಗೆ ತಿರುಗುತ್ತದೆ. ಬಂಡೆಗೆ ತಾಗಿ ಅಕಸ್ಮಾತ್ ತಿರುಗಿದರೂ ಜಾಸ್ತಿ ಹೊತ್ತು ಆಗಿದೆ ಅಂತಲೇ ತೋರಿಸುತ್ತದೆ, ಕಡಿಮೆ ಅಂತ ಯಾವತ್ತೂ ತೋರಿಸುವುದಿಲ್ಲ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಬದುಕುತ್ತಾನೆ. ಇಷ್ಟು ಯೋಚಿಸಿ ಮಾಡಿದ ವಸ್ತುವಿನಲ್ಲಿ ತಾರೀಖಿಗೆ ಏನು ಕೆಲಸ? ನೀರೊಳಗೆ ಇವತ್ತು ಎಷ್ಟನೇ ತಾರೀಖು ಅಂತ ಯಾರೂ ನೋಡುವುದಿಲ್ಲ.

ನಿಜ, ನಾವ್ಯಾರೂ 300 ಮೀಟರ್‌ಗೆ ಇಳಿಯುವವರಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಆದರೆ ಹವ್ಯಾಸಕ್ಕೆ ಡೈವ್ ಮಾಡುವವರಿಗೆ ಸಾಮಾನ್ಯವಾಗಿ 40 ಮೀಟರೇ ಮಿತಿ. ಈಗ ಮುಳುಗುವವರ ಕೈಯಲ್ಲಿ ಡೈವ್ ಕಂಪ್ಯೂಟರ್ ಬೇರೆ ಇರುತ್ತದೆ. ಅದೆಲ್ಲ ಗೊತ್ತಿದ್ದೂ ಈ ವಾಚನ್ನು ಇಷ್ಟಪಡುತ್ತೇವೆ, ಯಾಕೆಂದರೆ ಅದು ಒಂದು ಕೆಲಸಕ್ಕೆ ಅಂತ ನಿಷ್ಠೆಯಿಂದ ಮಾಡಿದ್ದು. ಆ ನಿಷ್ಠೆ ಪೂರ್ತಿ ಉಳಿದಿರುವುದು ಡೇಟ್ ಇಲ್ಲದ ಮಾಡೆಲ್‌ನಲ್ಲಿ.

ಇನ್ನು ದಿನಬಳಕೆಯ ವಿಷಯ. ವರ್ಷದಲ್ಲಿ 31 ದಿನ ಇಲ್ಲದ ತಿಂಗಳು ಐದು. ಅವು ಮುಗಿದಾಗೆಲ್ಲ ಕ್ರೌನ್, ಅಂದರೆ ಪಕ್ಕದಲ್ಲಿರುವ ಕೀ ಕೊಡುವ ತಿರುಪು, ಬಿಚ್ಚಿ ತಾರೀಖು ಸರಿ ಮಾಡಬೇಕು. ವಾಚನ್ನು ಮೂರು ದಿನಕ್ಕಿಂತ ಜಾಸ್ತಿ ಕೈಯಿಂದ ಬಿಚ್ಚಿಟ್ಟರೆ ಮತ್ತೆ ಟೈಮು, ಮತ್ತೆ ತಾರೀಖು. ನೀರು ಒಳಗೆ ಬರದ ಹಾಗೆ ಕಾಯುವುದರಲ್ಲಿ ಆ ಕ್ರೌನಿನ ಪಾತ್ರ ದೊಡ್ಡದು. ಅದನ್ನು ಬಿಚ್ಚಿದಷ್ಟೂ ವಾಪಸ್ ತಿರುಗಿಸಿ ಬಿಗಿ ಮಾಡುವುದು ಮರೆತುಹೋಗುವ ಸಾಧ್ಯತೆ ಜಾಸ್ತಿ. ನನ್ನ ಕೈಯಲ್ಲಿರುವುದು 124060. ನಿಂತಿದ್ದರೆ ಕೀ ಕೊಟ್ಟು, ಟೈಮ್ ಹೊಂದಿಸಿ, ಬಿಗಿ ಮಾಡಿ ಹಾಕಿಕೊಂಡು ಹೊರಡುತ್ತೇನೆ. ಅಷ್ಟೇ.

ಭೂತಗನ್ನಡಿಯ ಬಗ್ಗೆ ಮಾತ್ರ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಗಾಜಿನ ಮೇಲೆ ಉಬ್ಬಿ ನಿಂತ ಆ ಲೆನ್ಸು ತಾರೀಖನ್ನು ಎರಡೂವರೆ ಪಟ್ಟು ದೊಡ್ಡದು ಮಾಡುತ್ತದೆ. ನಲವತ್ತೈದು ದಾಟಿ, ಓದಲು ಕನ್ನಡಕ ಬೇಕಾದವರಿಗೆ ಅದು ದೊಡ್ಡ ಉಪಕಾರ. ದಿನವಿಡೀ ತಾರೀಖು ಹಾಕಿ ಸಹಿ ಮಾಡುವ ಕೆಲಸದವರು, ಮೊಬೈಲ್ ತೆಗೆದು ನೋಡಲು ಇಷ್ಟವಿಲ್ಲದವರು ಡೇಟ್ ಮಾಡೆಲ್ ತಗೊಂಡರೆ ನನ್ನ ತಕರಾರಿಲ್ಲ. ಡೇಟ್ ಬೇಕು, ಆ ಉಬ್ಬು ಬೇಡ ಅನ್ನುವವರು ರೋಲೆಕ್ಸ್‌ನದೇ ಹಳೆಯ ಡೈವಿಂಗ್ ವಾಚು ಸೀ-ಡ್ವೆಲರ್ 16600 ಹುಡುಕಲಿ. ಅದರಲ್ಲಿ ತಾರೀಖು ಇದೆ, ಲೆನ್ಸು ಇಲ್ಲ, 1,220 ಮೀಟರ್ ಆಳಕ್ಕೂ ಜಗ್ಗುವುದಿಲ್ಲ. ತುಂಬ ಚಂದದ ವಾಚು, ಮರೆತುಬಿಟ್ಟಿದ್ದಾರೆ ಜನ.

ಚರಿತ್ರೆಯೂ ನನ್ನ ಕಡೆಗೇ ಇದೆ. ಸಬ್‌ಮರೀನರ್ ಶುರುವಾದದ್ದು 1953ರಲ್ಲಿ. ಅದಕ್ಕೆ ಡೇಟ್ ಬಂದದ್ದು 1969ರಲ್ಲಿ. ಅಲ್ಲಿಯವರೆಗೆ ತಾರೀಖಿಲ್ಲದ ವಾಚನ್ನೇ ಕಟ್ಟಿಕೊಂಡು ಜನ ಸಮುದ್ರಕ್ಕೆ ಇಳಿದರು. ಹಳಬರು ಆಸೆಪಡುವ ಹಳೆಯ ಸಬ್‌ಮರೀನರ್ 5513ರಲ್ಲೂ ಡೇಟ್ ಇಲ್ಲ. ನಮ್ಮ ಕಣ್ಣಿಗೂ ಇದು ಹೊಸದಲ್ಲ. ಬೆಂಗಳೂರಿನ ಎಚ್‌ಎಂಟಿ ಪೈಲಟ್ ನೋಡಿದವರಿಗೆ ಗೊತ್ತು: ಕಪ್ಪು ಡಯಲ್, ಎದ್ದು ಕಾಣುವ ಅಂಕಿ, ತಾರೀಖಿಲ್ಲ. ನೋಡಿದ ತಕ್ಷಣ ಟೈಮ್ ತಿಳಿಯುತ್ತದೆ.

ಭಾವ ಫೋನಿನಲ್ಲಿ ಮಾರಾಟದ ಮಾತು ತೆಗೆದರು. "ನಾಳೆ ಮಾರೋಕೆ ಹೋದ್ರೆ ಡೇಟ್ ಇರೋದಕ್ಕೇ ಗಿರಾಕಿ ಜಾಸ್ತಿ ಕಣೋ" ಅಂದರು. ಇರಬಹುದು. "ಮಾರೋಕೆ ಅಂತ ತಗೊಳ್ಳೋದಾದ್ರೆ ನನ್ನ ಯಾಕೆ ಕೇಳ್ತೀರಿ ಭಾವ?" ಅಂದೆ. ವರ್ಷಗಟ್ಟಲೆ ದಿನಾ ನೋಡುವ ಮುಖ ಅದು. ಎಂದೋ ಬರುವ ಗಿರಾಕಿಯ ರುಚಿಗೆ ತಕ್ಕ ಹಾಗೆ ಇವತ್ತು ನಾನು ಆರಿಸಬೇಕು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಈ ಒಂದು ವಿಷಯಕ್ಕೆ ನನಗೆ ನಿಜವಾಗಿ ಬೇಜಾರಾಗುತ್ತದೆ. ವಾಚು ಅಂದರೆ ಷೇರು ಅನ್ನುವ ಹಾಗೆ ಮಾತಾಡಿ ಮಾತಾಡಿ, ಹೊಸದಾಗಿ ಇಷ್ಟಪಡಲು ಬಂದವರನ್ನೂ ಹೆದರಿಸಿಬಿಟ್ಟಿದ್ದಾರೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಸ್ವಲ್ಪ ಮಾಹಿತಿ. 2012ರಿಂದ 2020ರವರೆಗಿನ 114060 ಕೂಡ ಡೇಟ್ ಇಲ್ಲದ್ದೇ, 40 ಮಿ.ಮೀ. ಆದರೆ ಲಗ್ ಅಂತಾರಲ್ಲ, ಚೈನ್ ಸೇರುವ ಆ ನಾಲ್ಕು ಕಾಲು ದಪ್ಪ. ಹಾಗಾಗಿ ಕೈಮೇಲೆ ಚೌಕ ಚೌಕವಾಗಿ ಕೂರುತ್ತದೆ. ಹೊಸದರಲ್ಲಿ ಕಾಲು ತೆಳ್ಳಗಾಗಿ, ಚೈನ್ 20ರಿಂದ 21 ಮಿ.ಮೀ.ಗೆ ಅಗಲವಾಯಿತು. ಅಳತೆಯಲ್ಲಿ ದೊಡ್ಡದು, ನೋಡಲು ನಯ. ಗುರುತು ಹಿಡಿಯಲು ಡಯಲ್‌ನ ಕೆಳತುದಿ ನೋಡಿ: ಹೊಸದರಲ್ಲಿ 'ಸ್ವಿಸ್ ಮೇಡ್' ಅನ್ನುವ ಎರಡು ಪದದ ನಡುವೆ ಸಣ್ಣ ಕಿರೀಟ ಇರುತ್ತದೆ. ಇನ್ನೂ ಹಿಂದಿನ 14060ರಲ್ಲಿ ಬೆಜೆಲ್ ಅಲ್ಯುಮಿನಿಯಂ. ಬಿಸಿಲಿಗೆ, ಉಪ್ಪುನೀರಿಗೆ ಕಪ್ಪು ನಿಧಾನಕ್ಕೆ ಬೂದಿಗೆ ತಿರುಗುತ್ತದೆ, ಗೀರೂ ಬೀಳುತ್ತದೆ. ಸೆರಾಮಿಕ್ ಬಣ್ಣ ಬಿಡುವುದಿಲ್ಲ, ಸುಲಭಕ್ಕೆ ಗೀರೂ ಬೀಳುವುದಿಲ್ಲ. ಆದರೆ ಜೋರಾಗಿ ಏಟು ಬಿದ್ದರೆ ಒಡೆಯಬಹುದು. ಮಣಿಕಟ್ಟು ಸಣ್ಣದಿದ್ದವರಿಗೆ 14060 ತುಂಬ ಒಪ್ಪುತ್ತದೆ.

ಹಸಿರು ಬೆಜೆಲ್ ಆಸೆ ಇದ್ದವರಿಗೆ ಆಯ್ಕೆಯೇ ಇಲ್ಲ. ಈವರೆಗೆ ಬಂದ ಹಸಿರು ಸಬ್‌ಮರೀನರ್ ಎಲ್ಲವೂ ಡೇಟ್ ಇರುವವೇ. ಹಸಿರಿನ ಮೇಲೆ ಅಷ್ಟು ಪ್ರೀತಿ ಇದ್ದರೆ ತಗೊಳ್ಳಿ, ನಾನು ತಡೆಯುವುದಿಲ್ಲ.

ಇನ್ನೊಂದು ಮಾತು. ಈ ವಾಚು ಶೋರೂಮಿಗೆ ಹೋದ ದಿನವೇ ಸಿಗುವುದು ಕಷ್ಟ, ಹೆಸರು ಬರೆಸಿ ಕಾಯಬೇಕು. ಕಾದೂ ಕಾದೂ ಸಾಕಾದ ಹೊತ್ತಿಗೆ ಫೋನ್ ಬರುತ್ತದೆ: "ಸರ್, ಡೇಟ್ ಇರೋದು ಬಂದಿದೆ, ತಗೊಳ್ತೀರಾ?" ಆಗ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಬೇಡ ಅನ್ನಿ. ಅಷ್ಟು ದುಡ್ಡು ಕೊಟ್ಟು ಎರಡನೇ ಇಷ್ಟದ್ದನ್ನು ಕಟ್ಟಿಕೊಳ್ಳಬೇಡಿ. ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಎರಡನ್ನೂ ಇಟ್ಟಿರುವ ಯಾವುದಾದರೂ ಅಂಗಡಿಗೆ ಹೋಗಿ, ಒಟ್ಟಿಗೆ ಟ್ರೇ ಮೇಲೆ ಇಡಿಸಿ, ಅಂಗೈ ಅಡ್ಡ ಹಿಡಿದು ನೆರಳು ಮಾಡಿ ಮೂರರ ಜಾಗ ನೋಡಿ. ಭಾವನಿಗೂ ಇದನ್ನೇ ಹೇಳಿದ್ದೇನೆ. ಶುಕ್ರವಾರ ಅಂಗಡಿಗೆ ಹೋಗುತ್ತಾರಂತೆ.