ಸ್ಟಾರ್ ಹೋಟೆಲ್ ಬೇಡ, ಒಲೆ ಇರುವ ಮನೆ ಕೇಳು

ಗೋಣಿಕೊಪ್ಪ ಕಡೆಯ ಪರಿಚಯದ ಹುಡುಗನೊಬ್ಬ ಆಫೀಸ್ ಕೆಲಸದ ಮೇಲೆ ಜರ್ಮನಿಯ ಮ್ಯೂನಿಕ್‌ಗೆ ಹೊರಟಿದ್ದಾನೆ. ನವೆಂಬರ್‌ಗೆ ಹೋದರೆ ಬರುವುದು ಫೆಬ್ರವರಿಗೆ. "ಅಣ್ಣ, ಊಟಕ್ಕೆ ಏನೇನು ಕಟ್ಟಿಕೊಂಡು ಹೋಗ್ಲಿ?" ಅಂತ ಕೇಳಿದ. ಉತ್ತರ ಉದ್ದವಾಯಿತು. ನಮ್ಮ ಕೊಡಗಿನಿಂದ ಹೀಗೆ ಹೋಗುವವರು ಈಗ ಜಾಸ್ತಿ, ಅದಕ್ಕೆ ಇಲ್ಲೇ ಹಾಕುತ್ತಿದ್ದೇನೆ.

ಕಟ್ಟಿಕೊಳ್ಳುವ ವಿಷಯ ಆಮೇಲೆ. ಮೊದಲು ಆಫೀಸಿನ ಟ್ರಾವೆಲ್ ವಿಭಾಗದವರಿಗೆ ಮೇಲ್ ಹಾಕು. ಬೆಳಗಿನ ತಿಂಡಿ ಸೇರಿದ ಒಳ್ಳೆ ಹೋಟೆಲ್ ಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನು. ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ಕೇಳು. ಹೊರದೇಶದಲ್ಲಿ ನಮ್ಮವರು ಊಟಕ್ಕೆ ಒದ್ದಾಡುವುದು ರುಚಿ ಹಿಡಿಸದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಸಿದಾಗ ಬಿಸಿ ಬಿಸಿಯಾಗಿ ಏನೂ ಸಿಗದೇ ಇರುವುದೇ ದೊಡ್ಡ ಕಷ್ಟ. ಹೋಟೆಲ್ ರೂಮಿನಲ್ಲಿ ಇರುವುದು ಒಂದು ಕೆಟಲ್. ಅದರಲ್ಲೇ ಅನ್ನ ಮಾಡುವವರ ವಿಡಿಯೋ ನಾನೂ ನೋಡಿದ್ದೇನೆ. ಮುಂದೆ ಬರುವವರು ಅದರಲ್ಲಿ ಟೀ ಕುಡಿಯಬೇಕಲ್ವಾ?

ಹೊತ್ತಿನ ಲೆಕ್ಕ ನೋಡು. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ 3.30 ಆದಾಗ ಇಲ್ಲಿ ರಾತ್ರಿ 8. ಮೀಟಿಂಗ್ ಮಧ್ಯೆ ಹೊಟ್ಟೆ ರಾತ್ರಿ ಊಟ ಕೇಳುತ್ತದೆ. ಆಫೀಸ್ ಕ್ಯಾಂಟೀನಿನಲ್ಲಿ ಹನ್ನೊಂದೂವರೆಗೇ ಊಟ ಶುರುವಾಗಿ ಮುಗಿದೂ ಹೋಗಿರುತ್ತದೆ. ಅವರು ಬಿಸಿ ಊಟ ಮಾಡುವುದು ಹೆಚ್ಚಾಗಿ ಮಧ್ಯಾಹ್ನ. ರಾತ್ರಿ ಬ್ರೆಡ್ಡು, ಚೀಸು, ತಣ್ಣನೆಯ ಮಾಂಸದ ಹೋಳು, ಅಷ್ಟೇ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗಿರುತ್ತದೆ. ಆ ಚಳಿಯಲ್ಲಿ ಬಂದು ತಣ್ಣನೆ ಬ್ರೆಡ್ ಕಚ್ಚುವಾಗ ಬೇಜಾರಾಗದೆ ಇನ್ನೇನಾಗುತ್ತದೆ? ಅದಕ್ಕೇ ಹೇಳಿದ್ದು: ಮಧ್ಯಾಹ್ನ ಅವರ ಜೊತೆ ಕೂತು ಅವರದ್ದೇ ಊಟ ಮಾಡು, ರಾತ್ರಿಗೆ ನಿನ್ನ ಅನ್ನ ಇರಲಿ.

ಮಧ್ಯಾಹ್ನದ ಊಟದಲ್ಲಿ ನಮಗೆ ಒಂದು ಅನುಕೂಲ ಇದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದವರು ಹಂದಿ ಮಾಂಸ ತಿನ್ನುವುದರಲ್ಲಿ ನಮಗಿಂತ ಹಿಂದೆ ಇಲ್ಲ. ಶ್ವೈನೆಬ್ರಾಟೆನ್ ಅಂತ ಸಿಗುತ್ತದೆ. ಚರ್ಮ ಗರಿಗರಿ ಆಗುವ ಹಾಗೆ ಸುಟ್ಟ ಹಂದಿ, ಮೇಲೆ ಬಿಯರ್ ಹಾಕಿದ ಕಂದು ಗ್ರೇವಿ. ಪಕ್ಕದಲ್ಲಿ ಕ್ನೋಡೆಲ್, ಆಲೂಗಡ್ಡೆಯದ್ದೋ ಹಳೇ ಬ್ರೆಡ್ಡಿನದ್ದೋ ಬೇಯಿಸಿದ ಉಂಡೆ. ತಟ್ಟೆ ಮುಂದೆ ಬಂದಾಗ ನೋಡಲು ನಮ್ಮ ಹಂದಿ ಸಾರು ಪಂದಿ ಕರಿ, ಅಕ್ಕಿ ಉಂಡೆ ಕಡಂಬುಟ್ಟು ತರಾನೇ. ಬಾಯಿಗಿಟ್ಟರೆ ಖಾರ ಇಲ್ಲ, ಹುಳಿ ಇಲ್ಲ. ಉಂಡೆ ಅಂಟಂಟು. ಆದರೂ ಮಾಂಸ ಬೆಂದ ಹದಕ್ಕೆ ಹೆಸರಿಡುವ ಹಾಗಿಲ್ಲ. ಬಿಳಿ ಸಾಸೇಜ್ ತಿನ್ನಬೇಕಾದರೆ ಬೆಳಗ್ಗೆಯೇ ಹೋಗು, ಮಧ್ಯಾಹ್ನದ ಮೇಲೆ ಅದನ್ನು ತಿನ್ನುವುದು ಅಲ್ಲಿನ ರೂಢಿ ಅಲ್ಲ. ಚರ್ಮ ಸುಲಿದು ಸಿಹಿ ಸಾಸಿವೆ ಹಚ್ಚಿ ತಿನ್ನುತ್ತಾರೆ. ನನಗೆ ಆ ಸಿಹಿ ಸಾಸಿವೆ ಕೊನೆಗೂ ಒಗ್ಗಲಿಲ್ಲ.

ಈಗ ಸೂಟ್‌ಕೇಸ್. ಅವ್ವ ಪ್ರೀತಿಯಿಂದ ಹಂದಿ ಉಪ್ಪಿನಕಾಯಿ, ತುಪ್ಪ ತುಂಬಿಸುತ್ತಾರೆ. ಎರಡೂ ಮನೆಯಲ್ಲೇ ಬಿಡು. ಹೊರಗಿನ ದೇಶಗಳಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಯೂನಿಯನ್ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ. ಜೇನು 2 ಕಿಲೋವರೆಗೆ ಒಯ್ಯಬಹುದು. ಒಣಮೀನಿಗೂ ಅಡ್ಡಿಯಿಲ್ಲ, ಆದರೆ ಅಪಾರ್ಟ್‌ಮೆಂಟಿನಲ್ಲಿ ಹುರಿಯುವ ಧೈರ್ಯ ಮಾಡಬೇಡ. ರೆಡಿ ಪೊಟ್ಟಣಗಳೂ ಸಾಕು ಸಾಕಾಗುತ್ತವೆ, ಎಲ್ಲದರದ್ದೂ ಒಂದೇ ರುಚಿ. ಕಪ್ಪಗೆ ಹುರಿದು ಮಾಡಿದ ಮನೆಯ ಮಸಾಲೆ ಪುಡಿ, ಒಳ್ಳೆಮೆಣಸು, ಅಕ್ಕಿ ತರಿ, ಒಂದು ಸಣ್ಣ ಬಾಟಲಿ ಕಾಚಂಪುಳಿ, ಅಂದರೆ ಹಂದಿ ಸಾರಿಗೆ ಹಾಕುವ ನಮ್ಮ ಕಪ್ಪು ಹುಳಿ ರಸ. ಇಷ್ಟು ಸಾಕು. ಕಾಚಂಪುಳಿ ಸೋರಿದರೆ ಬಟ್ಟೆ ಗತಿ ಮುಗಿಯಿತು, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿಗೆ ಹಾಕಿ ಚೆಕ್-ಇನ್ ಬ್ಯಾಗಿನಲ್ಲಿ ಇಡು.

ಮಾಂಸ ಅಲ್ಲೇ ಕೊಳ್ಳು. ಭುಜದ ಭಾಗ, ಚರ್ಮ ಸಮೇತ ಕೊಡಿ ಅಂದರೆ ಕೊಡುತ್ತಾರೆ. ನಮ್ಮೂರಿನ ಹಂದಿಗಿಂತ ಬೇಗ ಬೇಯುತ್ತದೆ, ಮಸಾಲೆ ಹಿಡಿಯುವುದು ಮಾತ್ರ ನಿಧಾನ. ಕಾಚಂಪುಳಿ ಕೊನೆಗೆ ಹಾಕು. ಮಸಾಲೆ ಹುರಿಯುವಾಗ ಕಿಟಕಿ ತೆಗೆದಿಡು. ಸೀಲಿಂಗಿನ ಹೊಗೆ ಅಲಾರಂಗೆ ನಮ್ಮ ಅಡುಗೆ ಅಂದರೆ ಆಗುವುದಿಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ನೀನು ಅಲ್ಲೇ ಇರುತ್ತೀಯ, ಆ ವಾರ ಸಹೋದ್ಯೋಗಿಗಳನ್ನು ಕರೆದು ಬಡಿಸು. ಖಾರ ಅರ್ಧ ಹಾಕು, ನಿನ್ನ ಪಾಲಿಗೆ ಆಮೇಲೆ ಮೆಣಸು ಉದುರಿಸಿಕೊಂಡರಾಯಿತು.

ಸಾಮಾನು ಶನಿವಾರವೇ ತಂದಿಡು. ಅಂಗಡಿಗಳು ರಾತ್ರಿ 8ಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ತೆಗೆಯುವುದೇ ಇಲ್ಲ. ತೀರಾ ಬೇಕಾದರೆ ದೊಡ್ಡ ರೈಲ್ವೆ ಸ್ಟೇಷನ್ ಒಳಗೆ ಸಿಗುತ್ತದೆ. ಹಸಿಮೆಣಸು, ಕೊತ್ತಂಬರಿ ಬೇಕಾದರೆ ಅದೇ ಸ್ಟೇಷನ್ ಪಕ್ಕದ ಗೋಯೆಥೆ ಬೀದಿಯ ಟರ್ಕಿ ಅಂಗಡಿಗಳಿಗೆ ಹೋಗು. ಖಾಲಿ ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡ, ವಾಪಸ್ ಕೊಟ್ಟರೆ 25 ಸೆಂಟ್ ಬರುತ್ತದೆ.

ಕಾಫಿ ಬಗ್ಗೆ ಹೇಳಿದರೆ ನಗಬೇಡ. ನಮ್ಮ ರೋಬಸ್ಟಾ ಇಟಲಿಗೂ ಜರ್ಮನಿಗೂ ಹೋಗುತ್ತದೆ. ಜರ್ಮನಿಯಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಬೇರೆ ತೆರಿಗೆಯೇ ಇದೆ. ಇಷ್ಟೆಲ್ಲ ಆಗಿಯೂ ಆಫೀಸ್ ಮೆಷಿನ್ ಕೊಡುವುದು ನೀರು ನೀರು. ನಾನು ರಾತ್ರಿ ಊಟ ಆದ ಮೇಲೆ ಬೆಲ್ಲದ ಕಾಫಿ ಮಾಡಿಕೊಳ್ಳುತ್ತಿದ್ದೆ. ಅದಕ್ಕೂ ಒಲೆ ಬೇಕು ನೋಡು.

ಮ್ಯಾನೇಜರ್ ಒಪ್ಪದಿದ್ದರೆ ಬಾಡಿಗೆಯ ಲೆಕ್ಕ ತೋರಿಸು. ನನಗೆ ತಿಂಗಳ ಲೆಕ್ಕದಲ್ಲಿ ಅಪಾರ್ಟ್‌ಮೆಂಟೇ ಹೋಟೆಲ್‌ಗಿಂತ ಕಮ್ಮಿ ಬಿತ್ತು. ಮೇಲ್ ಈ ವಾರವೇ ಹಾಕು. ಹೋಟೆಲ್ ಬುಕ್ ಆದ ಮೇಲೆ ಬದಲಾಯಿಸಿ ಅಂದರೆ ಅವರು ಫೋನೇ ಎತ್ತುವುದಿಲ್ಲ.