ಟಿ. ನಗರದ್ದು ಬಾಡಿಗೆ ಮನೆ ಸಾರ್

ಚೆನ್ನೈ ಟಿ. ನಗರದ ಕಾಮರಾಜರ ಮನೆ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅದನ್ನು ಅವರ 'ಸ್ವಂತ ಮನೆ' ಅಂದಿದ್ದೀರಲ್ಲ, ಅದೊಂದು ತಪ್ಪು. ಅದು ಬಾಡಿಗೆ ಮನೆ. 1954ರಿಂದ 1963ರವರೆಗೆ ಮದ್ರಾಸ್ ರಾಜ್ಯದ (ಈಗಿನ ತಮಿಳುನಾಡು) ಮುಖ್ಯಮಂತ್ರಿ ಆಗಿದ್ದವರು 1975ರ ಅಕ್ಟೋಬರ್ 2ರಂದು ತೀರಿಕೊಂಡಾಗಲೂ ಅಲ್ಲೇ ಇದ್ದರು. ಸ್ಮಾರಕ ಆಗಿದ್ದು ಆಮೇಲೆ.

ಹುಟ್ಟೂರಿನ ಮನೆ ವಿರುದುನಗರದಲ್ಲಿದೆ. ಅದೂ ಈಗ ಸ್ಮಾರಕ. ಮದುರೆಗೆ ಹೋದಾಗ ಸುಮ್ನೆ ಅಲ್ಲಿಗೂ ಹೋಗಿದ್ದೆ. ಪುಟ್ಟ ಮನೆ. ಇಷ್ಟೇನಾ ಅನ್ನಿಸಿತು! ತಾಯಿ ಶಿವಕಾಮಿ ಅಮ್ಮಾಳ್ ಇದ್ದದ್ದು ಇಲ್ಲೇ, ಮಗನ ಸರ್ಕಾರಿ ವೈಭವದಲ್ಲಿ ಅಲ್ಲ. ಮುಖ್ಯಮಂತ್ರಿಯ ಅಮ್ಮನ ಮನೆ ಅಂತ ಪುರಸಭೆಯವರು ಒಂದು ನಲ್ಲಿ ಹಾಕಿಸಿದ್ದರಂತೆ. ಬೀದಿಯವರಿಗೆ ಇಲ್ಲದ್ದು ನಮಗೆ ಯಾಕೆ ಅಂತ ಕಾಮರಾಜರು ತೆಗೆಸಿಬಿಟ್ಟರಂತೆ. ಆ ಕಡೆ ಇದನ್ನು ಎಲ್ಲರೂ ಹೇಳುತ್ತಾರೆ.

ಇನ್ನೊಂದು ಮಾತು. ನಮ್ಮ ನಿಜಲಿಂಗಪ್ಪನವರ ಹೆಸರೂ ಲೇಖನದಲ್ಲಿ ಬರಬೇಕಿತ್ತು, ಅಲ್ವಾ? ಕಾಮರಾಜರ ನಂತರ ಕಾಂಗ್ರೆಸ್ ಅಧ್ಯಕ್ಷರಾದವರು ಅವರೇ. 1969ರಲ್ಲಿ ಪಕ್ಷ ಒಡೆದಾಗ ಇಬ್ಬರೂ ಒಂದೇ ಕಡೆ, ಇಂದಿರಾ ಗಾಂಧಿ ಇನ್ನೊಂದು ಕಡೆ.

ವಿರುದುನಗರಕ್ಕೆ ಹೋಗುವವರು ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ಬಿಸಿಲು ತುಂಬಾ ಜಾಸ್ತಿ.